ಪ್ರತಿಕಾಯದ ಅಂಕಿ ಇಳಿದ ಮಾತ್ರಕ್ಕೆ ನೆನಪು ಅಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಲಸಿಕೆಗಳ ಕುರಿತ ವರದಿಗಳಲ್ಲಿ ಎರಡು ಸಾಲುಗಳು ಪದೇ ಪದೇ ಕಣ್ಣಿಗೆ ಬೀಳುತ್ತವೆ. ಒಂದು, ‘ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯಲ್ಲಿ ಸತ್ತ ವೈರಸ್ ಇರುತ್ತದೆ’ ಎಂಬುದು. ಇನ್ನೊಂದು, ‘ಲಸಿಕೆ ಪಡೆದು ಎರಡು ವರ್ಷವಾಗುವಷ್ಟರಲ್ಲಿ ಪ್ರತಿಕಾಯ ಹತ್ತರಲ್ಲೊಂದು ಪಾಲಿಗೆ ಇಳಿಯಿತು, ರಕ್ಷಣೆಯೂ ಅಷ್ಟಕ್ಕೇ ಇಳಿದಂತೆ’ ಎಂಬುದು. ಮೊದಲನೆಯದು ಬರೀ ತಪ್ಪು, ತಿದ್ದಿದರೆ ಮುಗಿಯಿತು. ಎರಡನೆಯದರಲ್ಲಿ ಅಂಕಿ ಸರಿಯಾಗಿರುತ್ತದೆ, ಅದರಿಂದ ತೆಗೆದ ತೀರ್ಮಾನ ತಪ್ಪಾಗಿರುತ್ತದೆ. ಓದುಗರಿಗೆ ಹೆಚ್ಚು ಕೇಡು ಮಾಡುವುದು ಇದೇ. ವೈರಸ್ಸನ್ನು ಹೋಲುವ ಕಣ, ಅಂದರೆ ವಿಎಲ್‌ಪಿ, ಮೈಯೊಳಗೆ ಹೋದ ಮೇಲೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕೋಶಗಳು ಏನು ಮಾಡುತ್ತವೆ ಎಂಬುದನ್ನು ಹಂತ ಹಂತವಾಗಿ ನೋಡಿದರೆ ಎರಡೂ ಸಾಲುಗಳು ಎಲ್ಲಿ ಎಡವುತ್ತವೆ ಎಂಬುದು ತಿಳಿಯುತ್ತದೆ. ಪತ್ರ ಉದ್ದವಾಗಿದೆ, ಮನ್ನಿಸಿ.

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರ ಹೊರಕವಚದ ಬಹುಪಾಲು ಎಲ್1 ಎಂಬ ಒಂದೇ ಪ್ರೋಟೀನಿನಿಂದ ಆದದ್ದು. ಅದರ ಜೀನನ್ನು ಯೀಸ್ಟಿಗೋ ಕೀಟದ ಕೋಶಗಳಿಗೋ ಬ್ಯಾಕ್ಟೀರಿಯಾಕ್ಕೋ ಸೇರಿಸಿ ಪ್ರೋಟೀನನ್ನು ಬೆಳೆಸಿಕೊಳ್ಳುತ್ತಾರೆ. ತಕ್ಕ ವಾತಾವರಣ ಸಿಕ್ಕರೆ ಎಲ್1 ಅಣುಗಳು ಐದೈದಾಗಿ ಗುಂಪು ಕಟ್ಟಿಕೊಳ್ಳುತ್ತವೆ, ಅಂಥ 72 ಗುಂಪುಗಳು ಸೇರಿ ಒಂದು ಟೊಳ್ಳು ಗೋಳವಾಗುತ್ತವೆ. ಒಟ್ಟು 360 ಅಣು, ಅಡ್ಡಳತೆ ಸುಮಾರು 55 ನ್ಯಾನೋಮೀಟರ್. ಹೊರಗಿನಿಂದ ನೋಡಿದರೆ ಥೇಟ್ ವೈರಸ್, ಒಳಗೆ ವೈರಸ್ಸಿನ ಡಿಎನ್‌ಎ ಮಾತ್ರ ಇಲ್ಲ. ಎಂದೂ ಬದುಕಿರದ ಇದನ್ನು ಸತ್ತದ್ದು ಎನ್ನುವುದು ಹೇಗೆ? ಹೆಪಟೈಟಿಸ್ ಬಿ ಲಸಿಕೆಯೂ ಇದೇ ಜಾತಿಯದು. 1981ರಲ್ಲಿ ಬಂದ ಮೊದಲ ಲಸಿಕೆಗೆ ಸೋಂಕಿತರ ರಕ್ತದಿಂದಲೇ 22 ನ್ಯಾನೋಮೀಟರಿನ ಮೇಲ್ಮೈ ಕಣಗಳನ್ನು ಶುದ್ಧೀಕರಿಸಿ ತೆಗೆಯುತ್ತಿದ್ದರು. 1986ರಿಂದ ಅದೇ ಕಣವನ್ನು ಯೀಸ್ಟಿನಲ್ಲಿ ತಯಾರಿಸಲಾಗುತ್ತಿದೆ.

ಗೋಳ ಸರಿಯಾಗಿ ಕೂಡಿಕೊಂಡರೆ ಮಾತ್ರ ಲಸಿಕೆ. ಇದಕ್ಕೆ ಈ ವೈರಸ್ಸಿನ ಬಗೆಗಳಲ್ಲೊಂದಾದ ಎಚ್‌ಪಿವಿ 16ರ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಕವಚದ ಪ್ರೋಟೀನಿನಿಂದ ವೈರಸ್ಸಿನಂಥ ಕಣಗಳನ್ನು ಪಡೆದು ದಾರಿ ತೋರಿಸಿದರು. ಆದರೆ ಆಗ ಎಲ್ಲರ ಕೈಯಲ್ಲಿದ್ದ ಎಚ್‌ಪಿವಿ 16ರ ಎಲ್1 ಜೀನ್ ಕ್ಯಾನ್ಸರ್ ಗಡ್ಡೆಯಿಂದ ತೆಗೆದದ್ದು. ಅದರಿಂದ ಕಣಗಳು ಬಹಳ ಕಡಿಮೆ ಕೂಡುತ್ತಿದ್ದವು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಜಾನ್ ಶಿಲ್ಲರ್ ಮತ್ತು ಡಗ್ಲಸ್ ಲೋವಿ ಅವರ ತಂಡ ಕ್ಯಾನ್ಸರ್ ಆಗಿರದ ಗಾಯಗಳಿಂದ ತೆಗೆದ ಜೀನಿನೊಂದಿಗೆ ಅದನ್ನು ತಾಳೆ ಹಾಕಿ ನೋಡಿತು. ಹೊಸ ಜೀನಿನಿಂದ ಕಣಗಳ ಇಳುವರಿ ಸಾವಿರ ಪಟ್ಟಿನಷ್ಟು ಏರಿತು. ಕಾರಣ ಹುಡುಕುತ್ತ ಹೋದಾಗ ಸಿಕ್ಕದ್ದು ಒಂದೇ ಅಮೈನೋ ಆಮ್ಲ: 202ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇರಬೇಕಾದಲ್ಲಿ ಹಿಸ್ಟಿಡಿನ್ ಕುಳಿತಿತ್ತು. ಗಡ್ಡೆಯೊಳಗಿನ ವೈರಸ್ ಡಿಎನ್‌ಎಗೆ ಕವಚ ಕಟ್ಟುವ ಕೆಲಸವೇ ಇಲ್ಲದ್ದರಿಂದ ಅಲ್ಲಿ ಆ ತಪ್ಪು ಯಾರನ್ನೂ ಕಾಡದೆ ಉಳಿದುಕೊಂಡಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಹತ್ವ ಏಕೆಂದರೆ, ಬಿ ಕೋಶ ನೋಡುವುದು ಆಕಾರವನ್ನು. ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಟಿ ಕೋಶಕ್ಕೆ ಪ್ರೋಟೀನನ್ನು ಕತ್ತರಿಸಿ ತುಂಡು ಮಾಡಿ ತೋರಿಸಬೇಕು. ಬಿ ಕೋಶ ಹಾಗಲ್ಲ, ಇಡಿಯಾದ ಅಣುವಿನ ಮೇಲ್ಮೈಯನ್ನೇ ಹಿಡಿಯುತ್ತದೆ. ಎಲ್1 ಪ್ರೋಟೀನನ್ನು ಕುದಿಸಿ ಮಡಿಕೆ ಬಿಚ್ಚಿ ಚುಚ್ಚಿದರೂ ಪ್ರತಿಕಾಯ ಬರುತ್ತದೆ. ಆದರೆ ಆ ಪ್ರತಿಕಾಯ ನಿಜವಾದ ವೈರಸ್ಸಿನ ಮುಂದೆ ಕೈಚೆಲ್ಲಿ ನಿಲ್ಲುತ್ತದೆ, ಏಕೆಂದರೆ ವೈರಸ್ಸಿನ ಮೈಮೇಲೆ ಆ ಬಿಚ್ಚಿದ ರೂಪ ಇರುವುದೇ ಇಲ್ಲ. ತಯಾರಿಕೆಯಲ್ಲಿ ಕಣಗಳನ್ನು ಒಮ್ಮೆ ರಾಸಾಯನಿಕವಾಗಿ ಬಿಡಿಸಿ, ಮತ್ತೆ ಕೂಡಿಸುವ ಹೆಚ್ಚುವರಿ ಹಂತ ಇರುವುದೂ ಇದೇ ಕಾರಣಕ್ಕೆ. ಮೊದಲ ಸಲ ಅರೆಬರೆಯಾಗಿ ಕೂಡಿದವು ಎರಡನೆಯ ಸಲ ಒಪ್ಪವಾಗಿ, ಬಿಗಿಯಾಗಿ ಕೂಡಿಕೊಳ್ಳುತ್ತವೆ.

ಇನ್ನು ಬಿ ಕೋಶದ ಕಡೆ ಬರೋಣ. ಒಂದು ಬಿ ಕೋಶದ ಹೊರಪೊರೆಯ ಮೇಲೆ ಸುಮಾರು ಒಂದು ಲಕ್ಷ ಗ್ರಾಹಕಗಳಿರುತ್ತವೆ, ಎಲ್ಲವೂ ಒಂದೇ ಅಚ್ಚಿನವು. ನಿರ್ದಿಷ್ಟ ಪ್ರತಿಜನಕವೊಂದಕ್ಕೆ (ಪ್ರತಿಕಾಯ ಹುಟ್ಟಿಸುವ ವಸ್ತುವಿಗೆ) ಹೊಂದುವ ಗ್ರಾಹಕ ಇರುವ ಕೋಶ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಸಿಗುತ್ತದೆ. ಬಿಡಿ ಬಿಡಿಯಾಗಿ ತೇಲುವ ಪ್ರೋಟೀನ್ ಅಣು ಬಂದು ಒಂದು ಗ್ರಾಹಕಕ್ಕೆ ಅಂಟಿದರೆ ಕೋಶ ಸಾಮಾನ್ಯವಾಗಿ ಮಿಸುಕುವುದಿಲ್ಲ. ಕಣದ ಮೇಲೆ ಒಂದೇ ಗುರುತು ನೂರಾರು ಸಲ, ಒಂದೇ ಅಂತರದಲ್ಲಿ ಮರುಕಳಿಸಿದಾಗ ಹತ್ತಾರು ಗ್ರಾಹಕಗಳು ಒಟ್ಟಿಗೆ ಸಿಕ್ಕಿಕೊಂಡು ಒಂದೆಡೆ ಗುಂಪಾಗುತ್ತವೆ. ಗ್ರಾಹಕದ ಬಾಲಕ್ಕೆ ಜೋಡಿಸಿಕೊಂಡಿರುವ ಸಿಡಿ79 ಎಂಬ ಜೋಡಿ ಪ್ರೋಟೀನಿಗೆ ಲಿನ್ ಕಿಣ್ವ ಫಾಸ್ಫೇಟ್ ಅಂಟಿಸುತ್ತದೆ, ಅಲ್ಲಿಗೆ ‘ಸಿಕ್’ ಎಂಬ ಕಿಣ್ವ ಬಂದು ಕೂರುತ್ತದೆ, ಬಿಟಿಕೆ ಎಂಬ ಮತ್ತೊಂದು ಕಿಣ್ವ ಎಚ್ಚರಗೊಳ್ಳುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಇವೆಲ್ಲ ನಡೆಯುವುದು ನಿಮಿಷಗಳ ಲೆಕ್ಕದಲ್ಲಿ.

ಎಷ್ಟು ಗುರುತುಗಳಿದ್ದರೆ ಸಾಕು ಎಂಬ ಪ್ರಶ್ನೆ ಹಳೆಯದು. 1976ರಲ್ಲಿ ಡಿಂಟ್ಜಿಸ್ ದಂಪತಿ ಮತ್ತು ವೊಗೆಲ್‌ಸ್ಟೀನ್ ಕೃತಕ ಪಾಲಿಮರ್ ಸರಪಳಿಗಳ ಮೇಲೆ ಗುರುತುಗಳನ್ನು ಎಣಿಸಿ ಕೂರಿಸಿ, ಹತ್ತರಿಂದ ಇಪ್ಪತ್ತರ ಆಸುಪಾಸಿನ ಒಂದು ಹೊಸ್ತಿಲನ್ನು ಗುರುತಿಸಿದರು. 1993ರಲ್ಲಿ ಬಾಕ್‌ಮನ್, ಜಿಂಕರ್‌ನಾಗೆಲ್ ಮತ್ತಿತರರು ಇಲಿಗಳಲ್ಲಿ ತೋರಿಸಿದ್ದು ಇನ್ನೂ ತೀಕ್ಷ್ಣವಾಗಿತ್ತು: ಒಂದೇ ವೈರಸ್ ಪ್ರೋಟೀನ್ ಅಚ್ಚುಕಟ್ಟಾದ ಸಾಲಿನಲ್ಲಿದ್ದಾಗ ಟಿ ಕೋಶದ ನೆರವಿಲ್ಲದೆಯೂ ಬಿ ಕೋಶಗಳು ಓಗೊಡುತ್ತವೆ, ಅದೇ ಪ್ರೋಟೀನ್ ಚದುರಿಹೋಗಿದ್ದರೆ ಮೌನವಾಗಿರುತ್ತವೆ. 2020ರಲ್ಲಿ ಡಿಎನ್‌ಎ ಎಳೆಗಳನ್ನೇ ಮಡಿಸಿ ಕಟ್ಟಿದ 40 ನ್ಯಾನೋಮೀಟರಿನ ಕಣಗಳ ಮೇಲೆ ಎಚ್‌ಐವಿ ಪ್ರತಿಜನಕವನ್ನು ಬೇಕಾದ ಜಾಗದಲ್ಲಿ ಬೇಕಾದಷ್ಟು ಕೂರಿಸಿ ಪರೀಕ್ಷಿಸಿದಾಗ, ಐದೇ ಅಣುಗಳು 25ರಿಂದ 30 ನ್ಯಾನೋಮೀಟರ್ ದೂರದಲ್ಲಿದ್ದರೂ ಸಂಕೇತ ಗರಿಷ್ಠ ಮಟ್ಟ ಮುಟ್ಟಿತು. ಹಾಗಾಗಿ ‘ದಟ್ಟವಾದಷ್ಟೂ ಒಳ್ಳೆಯದು’ ಎಂಬ ಹಳೆಯ ನಿಯಮವನ್ನು ಕಣ್ಣುಮುಚ್ಚಿ ಒಪ್ಪುವ ಅಗತ್ಯವಿಲ್ಲ. ಗುರುತು ಗ್ರಾಹಕಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ, ಕಣ ಎಷ್ಟು ಬಿಗಿಯಾಗಿದೆ ಎಂಬುದನ್ನು ಅವಲಂಬಿಸಿ ಈ ಲೆಕ್ಕ ಬದಲಾಗುತ್ತದೆ.

ಪ್ರಮಾಣದ ಅಂದಾಜಿಗೆ ಒಂದು ಚಿಕ್ಕ ಗಣಿತ. 20 ಮೈಕ್ರೋಗ್ರಾಂ ಎಲ್1 ಎಂದರೆ ಕಣ್ಣಿಗೆ ಕಾಣದಷ್ಟು ಪುಡಿ. ಒಂದು ಎಲ್1 ಅಣುವಿನ ತೂಕ ಸುಮಾರು 56 ಸಾವಿರ ಡಾಲ್ಟನ್ (ಅಣುತೂಕದ ಮಾನ), ಅಂಥ 360 ಸೇರಿದರೆ ಎರಡು ಕೋಟಿ ಡಾಲ್ಟನ್. ಭಾಗಿಸಿ ನೋಡಿದರೆ 20 ಮೈಕ್ರೋಗ್ರಾಂನಲ್ಲಿ ಸುಮಾರು 60 ಸಾವಿರ ಕೋಟಿ ಕಣಗಳಿರುತ್ತವೆ. ನೈಸರ್ಗಿಕ ಎಚ್‌ಪಿವಿ ಸೋಂಕಿನಲ್ಲಿ ವೈರಸ್ ಚರ್ಮದ ಅಥವಾ ಲೋಳೆಪೊರೆಯ ಮೇಲ್ಪದರದಲ್ಲೇ ಹುಟ್ಟಿ ಅಲ್ಲೇ ಉದುರಿಹೋಗುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ, ಕೋಶಗಳನ್ನು ಒಡೆದು ಉರಿಯೂತ ಎಬ್ಬಿಸುವುದೂ ಇಲ್ಲ. ಸೋಂಕಾದ ಎಲ್ಲರಲ್ಲೂ ಪ್ರತಿಕಾಯ ಕಾಣದಿರುವುದು, ಕಂಡರೂ ಕಡಿಮೆಯಿರುವುದು ಇದರಿಂದಲೇ. ಲಸಿಕೆಯಲ್ಲಿ ಅದೇ ಆಕಾರ ಇಷ್ಟು ಸಂಖ್ಯೆಯಲ್ಲಿ ಸೀದಾ ಸ್ನಾಯುವಿಗೆ ಹೋಗುತ್ತದೆ. ನಿಜವಾದ ಸೋಂಕಿಗಿಂತ ಹೆಚ್ಚು ರಕ್ಷಣೆ ಕೊಡುವ ಲಸಿಕೆಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು.

ಸ್ನಾಯುವಿನಿಂದ ಬಿ ಮತ್ತು ಟಿ ಕೋಶಗಳ ನೆಲೆಯಾದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗುವ ದಾರಿಯಲ್ಲೂ ಕಣದ ಗಾತ್ರದ್ದೇ ಕಾರುಬಾರು. 20ರಿಂದ 200 ನ್ಯಾನೋಮೀಟರ್ ಒಳಗಿನ ಕಣಗಳು ದುಗ್ಧನಾಳದಲ್ಲಿ ತಾವೇ ತೇಲಿಕೊಂಡು ಗಂಟೆಗಳೊಳಗೆ ಗ್ರಂಥಿ ಸೇರುತ್ತವೆ. ಅದಕ್ಕಿಂತ ದೊಡ್ಡವನ್ನು ಕೋಶಗಳು ಹೊತ್ತು ತರಬೇಕು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಗ್ರಂಥಿಯ ಅಂಚಿನಲ್ಲಿ ಕಾವಲು ಕುಳಿತ ಮ್ಯಾಕ್ರೋಫೇಜ್‌ಗಳು ಕಣವನ್ನು ಹಿಡಿಯುತ್ತವೆ, ಆದರೆ ಜೀರ್ಣಿಸಿ ಮುಗಿಸುವುದಿಲ್ಲ, ಇಡಿಯಾಗಿ ಬಿ ಕೋಶಗಳ ಕಡೆ ದಾಟಿಸುತ್ತವೆ. ದಾರಿಯಲ್ಲಿ ರಕ್ತದ ಕಾಂಪ್ಲಿಮೆಂಟ್ ವ್ಯವಸ್ಥೆ ಕಣದ ಮೈಗೆ ಸಿ3ಡಿ ಎಂಬ ಚೀಟಿ ಅಂಟಿಸಿರುತ್ತದೆ. ಬಿ ಕೋಶದ ಮೇಲಿನ ಸಿಡಿ21 ಎಂಬ ಪ್ರೋಟೀನ್ ಆ ಚೀಟಿಯನ್ನು ಓದುತ್ತದೆ, ಗ್ರಾಹಕ ಕಣವನ್ನು ಓದುತ್ತದೆ. ಎರಡೂ ಓದು ಒಟ್ಟಿಗೆ ಬಿದ್ದರೆ ಹೊಸ್ತಿಲು ಕುಸಿಯುತ್ತದೆ. ಇದು ಎಷ್ಟರಮಟ್ಟಿಗೆ ಎಂಬುದನ್ನು 1996ರ ಇಲಿ ಪ್ರಯೋಗವೊಂದು ಅಳೆದಿತ್ತು: ಪ್ರತಿಜನಕಕ್ಕೆ ಎರಡು ಸಿ3ಡಿ ಜೋಡಿಸಿದಾಗ ಪರಿಣಾಮ ಸಾವಿರ ಪಟ್ಟು, ಮೂರು ಜೋಡಿಸಿದಾಗ ಹತ್ತು ಸಾವಿರ ಪಟ್ಟು ಹೆಚ್ಚಿತು. ಅದೇ ಚೀಟಿಯ ಬಲದಿಂದ ಫಾಲಿಕ್ಯುಲಾರ್ ಡೆಂಡ್ರೈಟಿಕ್ ಕೋಶಗಳು ಕಣಗಳನ್ನು ತಮ್ಮ ಚಾಚುಗಳ ಮೇಲೆ ವಾರಗಟ್ಟಲೆ ಜೋಪಾನ ಮಾಡಿಟ್ಟುಕೊಳ್ಳುತ್ತವೆ. ಮುಂದೆ ನಡೆಯುವ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಅಲ್ಲಿರುವುದು.

ಎಚ್ಚೆತ್ತ ಬಿ ಕೋಶ ಕಣವನ್ನು ಪೂರ್ತಿಯಾಗಿ ನುಂಗಿ, ಒಳಗೆ ತುಂಡರಿಸಿ, ತುಣುಕುಗಳನ್ನು ಹೊರಗೆ ತೋರಿಸುತ್ತ ಟಿ ಕೋಶಗಳ ವಲಯದ ಗಡಿಗೆ ಸರಿಯುತ್ತದೆ. ಅಲ್ಲಿ ಆ ತುಣುಕನ್ನು ಗುರುತಿಸುವ ಸಹಾಯಕ ಟಿ ಕೋಶ ಸಿಕ್ಕರೆ ಬಿ ಕೋಶದ ಸಿಡಿ40 ಎಂಬ ಗ್ರಾಹಕದ ಮೂಲಕ ಮುಂದುವರಿಯುವ ಅನುಮತಿ ಸಿಗುತ್ತದೆ. ಗಮನಿಸಬೇಕಾದ್ದು, ನುಂಗಿದ್ದು ಇಡೀ ಕಣ. ಹಾಗಾಗಿ ಬಿ ಕೋಶ ಹಿಡಿದದ್ದು ಮೇಲ್ಮೈಯ ಒಂದು ಗುರುತನ್ನಾದರೂ ಟಿ ಕೋಶದ ನೆರವು ಕಣದ ಯಾವ ಭಾಗದಿಂದ ಬೇಕಾದರೂ ಬರಬಹುದು. ಈ ಸೌಲಭ್ಯವನ್ನೇ ಮಲೇರಿಯಾ ಲಸಿಕೆಗಳಾದ ಆರ್‌ಟಿಎಸ್‌ಎಸ್ ಮತ್ತು ಆರ್21 ಬಳಸಿಕೊಂಡಿವೆ. ಹೆಪಟೈಟಿಸ್ ಬಿ ಕಣದ ಮೇಲೆ ಮಲೇರಿಯಾ ಪರಾವಲಂಬಿಯ ಪ್ರೋಟೀನಿನ ಒಂದು ಭಾಗವನ್ನು ಕೂರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲನೆಯದನ್ನು 2021ರಲ್ಲೂ ಎರಡನೆಯದನ್ನು 2023ರಲ್ಲೂ ಶಿಫಾರಸು ಮಾಡಿತು. ಆರ್‌ಟಿಎಸ್‌ಎಸ್‌ನಲ್ಲಿ ಬರಿಯ ಹೆಪಟೈಟಿಸ್ ಬಿ ಪ್ರೋಟೀನಿನ ಪಾಲೇ ಹೆಚ್ಚು, ಹಾಗಾಗಿ ಕಣದ ಮೇಲೆ ಮಲೇರಿಯಾ ಗುರುತು ವಿರಳ. ಆರ್21ರಲ್ಲಿ ಪ್ರತಿಯೊಂದು ಅಣುವೂ ಮಲೇರಿಯಾ ತುಂಡನ್ನು ಹೊತ್ತಿರುತ್ತದೆ. ಈ ಬಗೆಯ ಸವಾರಿಗೆ ಒಂದು ತೊಡಕೂ ಉಂಟು: ಹೊರುವ ಕಣದ ವಿರುದ್ಧವೇ ಮೊದಲಿನಿಂದ ಪ್ರತಿಕಾಯ ಹೆಚ್ಚಿದ್ದರೆ ಸವಾರನ ಪಾಲಿಗೆ ಸಿಗಬೇಕಾದ ಗಮನ ಹೊರುವವನ ಪಾಲಾಗಬಹುದು.

ಸಾಲಾಗಿ ಜೋಡಿಸಿದ ಗುರುತು ಎಷ್ಟು ಬಲವಾದ ಸಂಕೇತ ಎಂದರೆ, ಮೈಯದೇ ಪ್ರೋಟೀನನ್ನು ಇಂಥ ಕಣದ ಮೇಲೆ ಕೂರಿಸಿ ಚುಚ್ಚಿದರೆ ಇಲಿಗಳಲ್ಲಿ ಅದರ ವಿರುದ್ಧವೂ ಪ್ರತಿಕಾಯ ಹುಟ್ಟುತ್ತದೆ. ಸ್ವಂತದ್ದನ್ನು ಬಿಟ್ಟುಬಿಡು ಎಂಬ ಪಾಠವನ್ನು ಬಿ ಕೋಶ ಮರೆಯುತ್ತದೆ. ಮೈಯೊಳಗಿನ ಕರಗುವ ಪ್ರೋಟೀನುಗಳು ಇಷ್ಟು ಶಿಸ್ತಿನ ಸಾಲಿನಲ್ಲಿ ನಿಲ್ಲುವುದಿಲ್ಲ, ವೈರಸ್ಸು ಬ್ಯಾಕ್ಟೀರಿಯಾಗಳ ಮೈ ಮಾತ್ರ ಹಾಗಿರುತ್ತದೆ ಎಂಬ ಹಳೆಯ ಅನುಭವದ ಮೇಲೆ ಈ ವ್ಯವಸ್ಥೆ ನಿಂತಂತಿದೆ.

ಟಿ ಕೋಶದ ಅನುಮತಿ ಸಿಕ್ಕ ಬಿ ಕೋಶಗಳಿಗೆ ಎರಡು ದಾರಿ. ಕೆಲವು ತಡಮಾಡದೆ ಪ್ಲಾಸ್ಮಾಬ್ಲಾಸ್ಟ್‌ಗಳಾಗಿ ಮೊದಲ ವಾರದಲ್ಲೇ ಪ್ರತಿಕಾಯ ಸುರಿಸುತ್ತವೆ. ಇವುಗಳ ಹಿಡಿತ ಅಷ್ಟಕ್ಕಷ್ಟೆ, ಆಯಸ್ಸೂ ಕೆಲವೇ ದಿನ. ಉಳಿದವು ಗ್ರಂಥಿಯೊಳಗೆ ಬಿ ಕೋಶಗಳಿರುವ ಜಾಗವಾದ ಫಾಲಿಕಲ್‌ಗೆ ಮರಳಿ ಜರ್ಮಿನಲ್ ಸೆಂಟರ್ ಎಂಬ ಗರಡಿ ಕಟ್ಟುತ್ತವೆ. ಇದು ಸುಮಾರು ಒಂದು ವಾರಕ್ಕೆ ರೂಪ ತಳೆದು ವಾರಗಟ್ಟಲೆ ನಡೆಯುತ್ತದೆ. ಅದರ ಕತ್ತಲು ವಲಯದಲ್ಲಿ ಕೋಶಗಳು ಆರರಿಂದ ಹನ್ನೆರಡು ಗಂಟೆಗೊಮ್ಮೆ ಇಬ್ಭಾಗವಾಗುತ್ತವೆ. ಎಐಡಿ ಎಂಬ ಕಿಣ್ವ ಗ್ರಾಹಕದ ಜೀನಿನಲ್ಲಿ ಬೇಕೆಂದೇ ತಪ್ಪುಗಳನ್ನು ಮಾಡುತ್ತದೆ. ಆ ತಪ್ಪಿನ ಪ್ರಮಾಣ ಪ್ರತಿ ವಿಭಜನೆಗೆ ಸಾವಿರ ಅಕ್ಷರಕ್ಕೆ ಸುಮಾರು ಒಂದು, ಮಾಮೂಲಿ ಜೀನ್‌ಗಳಿಗೆ ಹೋಲಿಸಿದರೆ ಹತ್ತು ಲಕ್ಷ ಪಟ್ಟಿನಷ್ಟು. ಆಮೇಲೆ ಕೋಶ ಬೆಳಕಿನ ವಲಯಕ್ಕೆ ಬಂದು, ಡೆಂಡ್ರೈಟಿಕ್ ಕೋಶ ಜೋಪಾನ ಮಾಡಿದ ಕಣವನ್ನು ತನ್ನ ಹೊಸ ಗ್ರಾಹಕದಿಂದ ಕಿತ್ತುಕೊಳ್ಳಬೇಕು. ಹೆಚ್ಚು ಕಿತ್ತುಕೊಂಡ ಕೋಶ ಹೆಚ್ಚು ತುಣುಕು ತೋರಿಸುತ್ತದೆ, ಟಿ ಕೋಶದಿಂದ ಹೆಚ್ಚು ನೆರವು ಪಡೆಯುತ್ತದೆ, ಮತ್ತೆ ಕತ್ತಲು ವಲಯಕ್ಕೆ ಹೋಗಿ ವಿಭಜಿಸುತ್ತದೆ. ಕಿತ್ತುಕೊಳ್ಳಲಾಗದ್ದು ಸಾಯುತ್ತದೆ. ಸಾಯುವವೇ ಹೆಚ್ಚು. ಸುತ್ತು ಸುತ್ತಿಗೂ ಹಿಡಿತ ಬಿಗಿಯಾಗುತ್ತ ಹೋಗುವುದು ಈ ಜರಡಿಯಿಂದ.

ಇಲ್ಲಿ ಕಣದ ಒಂದು ಮಗ್ಗುಲಿನ ದೋಷವನ್ನೂ ಹೇಳಬೇಕು. ಗುರುತುಗಳು ವಿಪರೀತ ದಟ್ಟವಾಗಿದ್ದರೆ ಹಿಡಿತ ಸಡಿಲವಾದ ಕೋಶಗಳೂ ಹಲವು ಗ್ರಾಹಕಗಳಿಂದ ಒಟ್ಟಿಗೆ ಅಂಟಿಕೊಂಡು ಪಾರಾಗಬಹುದು. ಆಗ ಜರಡಿಯ ಕಣ್ಣು ದೊಡ್ಡದಾದಂತೆ. ಮೊದಲ ಎಚ್ಚರಕ್ಕೆ ಒಳ್ಳೆಯದಾದ ದಟ್ಟಣೆ ಅನಂತರದ ಆಯ್ಕೆಗೂ ಒಳ್ಳೆಯದಾಗಿರಬೇಕಿಲ್ಲ. ಇದರ ತೂಕ ಎಷ್ಟು ಎಂಬುದು ಪ್ರತಿಜನಕದಿಂದ ಪ್ರತಿಜನಕಕ್ಕೆ ಬೇರೆ. ಕಣದೊಳಗೆ ಏನಿದೆ ಎಂಬುದೂ ಮುಖ್ಯ. ಕ್ಯೂಬೀಟಾ ಎಂಬ ಬ್ಯಾಕ್ಟೀರಿಯೊಫೇಜಿನ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಿನ) 180 ಅಣುಗಳ ಕವಚವನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರೆ ಅದು ಆ ಬ್ಯಾಕ್ಟೀರಿಯಾದ ಆರ್‌ಎನ್‌ಎ ಚೂರುಗಳನ್ನು ಒಳಗೆ ಕಟ್ಟಿಕೊಂಡೇ ಬರುತ್ತದೆ. ಬಿ ಕೋಶ ಕಣವನ್ನು ನುಂಗಿದಾಗ ಒಳಗಿನ ಟಿಎಲ್‌ಆರ್7 ಎಂಬ ಗ್ರಾಹಕ ಆ ಆರ್‌ಎನ್‌ಎಯನ್ನು ಕಂಡು ಎರಡನೆಯ ಗಂಟೆ ಬಾರಿಸುತ್ತದೆ. ಇಲಿಗಳಲ್ಲಿ ಪ್ರತಿಕಾಯದ ವರ್ಗವೇ ಇದರಿಂದ ಬದಲಾಗುತ್ತದೆ. ಶುದ್ಧತೆಯ ಹೆಸರಿನಲ್ಲಿ ಆರ್‌ಎನ್‌ಎ ತೆಗೆದರೆ ಆ ಗಂಟೆಯೂ ಹೋಯಿತು. ಇನ್ನೊಂದು ಕಡೆ, ಬ್ಯಾಕ್ಟೀರಿಯಾದಿಂದಲೇ ಬರುವ ಎಂಡೋಟಾಕ್ಸಿನ್ ಎಂಬ ವಿಷ ಉಳಿದುಕೊಂಡರೆ ಜ್ವರ, ಊತ ಬರುತ್ತದೆ. ಪ್ರಯೋಗಾಲಯದಲ್ಲಿ ಅದನ್ನೇ ಕಣದ ಗುಣವೆಂದು ತಪ್ಪು ತಿಳಿಯುವುದೂ ಉಂಟು.

ಈಗ ನೆನಪಿನ ವಿಚಾರ. ನಾವು ಪತ್ರ ಬರೆದದ್ದೇ ಇದಕ್ಕಾಗಿ. ‘ರೋಗನಿರೋಧಕ ನೆನಪು’ ಎಂದು ವರದಿಗಳು ಏಕವಚನದಲ್ಲಿ ಬರೆಯುತ್ತವೆ. ಬಿ ಕೋಶಗಳ ಮಟ್ಟಿಗೆ ಅದು ಎರಡು ಬೇರೆ ಬೇರೆ ಪಡೆ. ಒಂದು ನೆನಪಿನ ಬಿ ಕೋಶಗಳು. ಇವು ಪ್ರತಿಕಾಯ ಸುರಿಸುವುದಿಲ್ಲ, ಗ್ರಂಥಿಗಳಲ್ಲೂ ರಕ್ತದಲ್ಲೂ ಸುಮ್ಮನೆ ಓಡಾಡಿಕೊಂಡಿದ್ದು ಅದೇ ಆಕಾರ ಮತ್ತೆ ಕಂಡರೆ ಕೆಲವೇ ದಿನಗಳಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳಾಗಿ ಬದಲಾಗುತ್ತವೆ. ಇನ್ನೊಂದು ದೀರ್ಘಾಯುಷಿ ಪ್ಲಾಸ್ಮಾ ಕೋಶಗಳು. ಇವು ಅಸ್ಥಿಮಜ್ಜೆಗೆ ಹೋಗಿ ನೆಲೆಸಿ, ಪ್ರತಿಜನಕದ ಹಂಗಿಲ್ಲದೆ, ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ವರ್ಷಗಟ್ಟಲೆ ಹೊರಬಿಡುತ್ತವೆ. ರಕ್ತದ ಐಜಿಜಿ ಪ್ರತಿಕಾಯದ ಅರ್ಧಾಯುಷ್ಯ ಸುಮಾರು ಮೂರು ವಾರ. ಹೀಗಿದ್ದೂ ಹತ್ತು ವರ್ಷದ ಮೇಲೆ ರಕ್ತದಲ್ಲಿ ಪ್ರತಿಕಾಯ ಸಿಕ್ಕರೆ ಯಾರೋ ದಿನವೂ ತಯಾರಿಸುತ್ತಿದ್ದಾರೆ ಎಂದೇ ಅರ್ಥ.

ಎರಡು ಪಡೆಗಳು ಹುಟ್ಟುವ ಹೊತ್ತೂ ಬೇರೆ. ಇಲಿಗಳಲ್ಲಿ ನೋಡಿದಂತೆ ಜರ್ಮಿನಲ್ ಸೆಂಟರಿನಿಂದ ಮೊದಮೊದಲು ಹೊರಡುವವು ಬಹುಪಾಲು ನೆನಪಿನ ಬಿ ಕೋಶಗಳು. ಅಸ್ಥಿಮಜ್ಜೆ ಸೇರುವ ಪ್ಲಾಸ್ಮಾ ಕೋಶಗಳು ತಡವಾಗಿ, ಹಿಡಿತ ಪಳಗಿದ ಮೇಲೆ ಹೊರಡುತ್ತವೆ. ಹಾಗಾಗಿ ಜರ್ಮಿನಲ್ ಸೆಂಟರ್ ಬೇಗ ಮುಚ್ಚಿಹೋದರೆ ಮೊದಲ ಪಡೆ ಉಳಿದು ಎರಡನೆಯದು ಸೊರಗಬಹುದು. ಅಸ್ಥಿಮಜ್ಜೆಯಲ್ಲಿ ಜಾಗವೂ ಬೇಕು. ಅಲ್ಲಿನ ಸ್ಟ್ರೋಮಾ (ಆಧಾರ) ಕೋಶಗಳು ಬಿಡುವ ಸಿಎಕ್ಸ್‌ಸಿಎಲ್12 ಎಂಬ ಸಂಕೇತ ಪ್ರೋಟೀನ್, ನೆರೆಯವರು ಕೊಡುವ ಎಪ್ರಿಲ್ ಎಂಬ ಪ್ರೋಟೀನ್, ಅದನ್ನು ಹಿಡಿಯುವ ಬಿಸಿಎಂಎ ಗ್ರಾಹಕ, ಇವು ಮೂರೂ ಕೂಡಿಬಂದರೆ ಮಾತ್ರ ಕೋಶ ಬದುಕುತ್ತದೆ.

ಲಸಿಕೆ ಹಾಕಿದ ಮೇಲೆ ಪ್ರತಿಕಾಯದ ರೇಖೆ ಹೇಗೆ ಸಾಗುತ್ತದೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಿ. ಎಚ್‌ಪಿವಿ ಲಸಿಕೆಯ ಕೊನೆಯ ಡೋಸಿನ ನಂತರ ಒಂದು ತಿಂಗಳಿಗೆ ಅದು ಶಿಖರ ಮುಟ್ಟುತ್ತದೆ. ಆ ಶಿಖರ ಬಹುಮಟ್ಟಿಗೆ ಅಲ್ಪಾಯುಷಿ ಕೋಶಗಳ ಕೊಡುಗೆ. ಅವು ಸಾಯುತ್ತ ಹೋದಂತೆ ಒಂದೂವರೆ ಎರಡು ವರ್ಷಗಳಲ್ಲಿ ರೇಖೆ ಹತ್ತು ಪಟ್ಟಿನಷ್ಟು ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಅದು ಬಹುಮಟ್ಟಿಗೆ ಸಪಾಟಾಗಿ ಸಾಗುತ್ತದೆ, ಏಕೆಂದರೆ ಈಗ ಸುರಿಸುತ್ತಿರುವುದು ಅಸ್ಥಿಮಜ್ಜೆಯ ಪಡೆ. ವರದಿಯ ಶೀರ್ಷಿಕೆಯಾಗುವುದು ಇಳಿಜಾರು, ನೋಡಬೇಕಾದದ್ದು ಸಪಾಟು. ಶಿಖರ ಎಷ್ಟೇ ಎತ್ತರವಿರಲಿ, ಸಪಾಟಿನ ಮಟ್ಟ ಮತ್ತು ಅದು ಎಷ್ಟು ವರ್ಷ ಹಾಗೇ ಉಳಿಯಿತು ಎಂಬುದು ಬೇರೆಯದೇ ಪ್ರಶ್ನೆ. 2007ರಲ್ಲಿ ಪ್ರಕಟವಾದ ದೀರ್ಘ ಹಿಂಬಾಲಿಕೆಯ ಲೆಕ್ಕದಲ್ಲಿ ಟೆಟನಸ್ ಪ್ರತಿಕಾಯದ ಮಟ್ಟ ಅರ್ಧಕ್ಕಿಳಿಯಲು 11 ವರ್ಷ, ಡಿಫ್ತೀರಿಯಾದ್ದು 19 ವರ್ಷ ಹಿಡಿಯುತ್ತದೆ. ದಡಾರ, ಮಂಗನಬಾವುಗಳದ್ದು 200 ವರ್ಷಕ್ಕೂ ಹೆಚ್ಚು, ಅಂದರೆ ಮನುಷ್ಯನ ಆಯಸ್ಸಿನಲ್ಲಿ ಇಳಿಯುವುದೇ ಇಲ್ಲ. ಬಿಡಿ ಪ್ರೋಟೀನ್ ವಿಷಗಳ ಲಸಿಕೆಗೂ ಸಾಲುಗಟ್ಟಿದ ಮೇಲ್ಮೈಯ ವೈರಸ್ಸಿಗೂ ಇರುವ ಈ ಅಂತರ ಆಕಸ್ಮಿಕವಿರಲಾರದು ಎಂಬ ವಾದ ನಮಗೆ ಒಪ್ಪಿಗೆಯಾಗುತ್ತದೆ: ಮೊದಲ ಸಂಕೇತ ಗಟ್ಟಿಯಾದಷ್ಟೂ ಪ್ಲಾಸ್ಮಾ ಕೋಶದ ಆಯಸ್ಸು ಉದ್ದ. ಪೂರ್ಣ ಸಾಬೀತಾದ ಮಾತೇನಲ್ಲ.

ಸಾಬೀತಾದದ್ದು ಬೇರೆ ಇದೆ. ಕೋಸ್ಟರಿಕಾದಲ್ಲಿ ಮೂರು ಡೋಸ್‌ನ ಯೋಜನೆಗೆ ಸೇರಿ ಒಂದೇ ಡೋಸ್ ಪಡೆದು ನಿಲ್ಲಿಸಿದ ಮಹಿಳೆಯರನ್ನು 11 ವರ್ಷ ಹಿಂಬಾಲಿಸಿದಾಗ ಅವರ ಪ್ರತಿಕಾಯದ ಮಟ್ಟ ಮೂರು ಡೋಸ್ ಪಡೆದವರಿಗಿಂತ ಕೆಳಗಿತ್ತು, ಆದರೆ ಸಪಾಟಾಗಿತ್ತು. ಸೋಂಕಿನಿಂದ ಬರುವ ಮಟ್ಟಕ್ಕಿಂತ ಹಲವು ಪಟ್ಟು ಮೇಲಿತ್ತು. ಕೀನ್ಯಾದಲ್ಲಿ ಒಂದೇ ಡೋಸನ್ನು ಪರೀಕ್ಷೆಗೆಂದೇ ಕೊಟ್ಟು ನೋಡಿದ ಪ್ರಯೋಗದ 2022ರ ಫಲಿತಾಂಶದ ಪ್ರಕಾರ, 18 ತಿಂಗಳಲ್ಲಿ 16 ಮತ್ತು 18ನೆಯ ಬಗೆಗಳ ನಿರಂತರ ಸೋಂಕಿನ ವಿರುದ್ಧ ರಕ್ಷಣೆ ಶೇಕಡ 97.5. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕ್ರಮವನ್ನೂ ಒಪ್ಪಿತು. ಒಂದೇ ಡೋಸಿನಿಂದ, ಸೋಂಕು ತಗುಲದ ಮೈಯಲ್ಲಿ, ದಶಕ ದಾಟುವ ಪ್ಲಾಸ್ಮಾ ಕೋಶಗಳನ್ನು ನೆಲೆಗೊಳಿಸುವುದು ಬಿಡಿ ಪ್ರೋಟೀನ್ ಲಸಿಕೆಗಳಿಗೆ ಕೈಗೂಡದ ಕೆಲಸ.

ಯಾವ ಪಡೆ ಹೆಚ್ಚು ಮುಖ್ಯ ಎಂಬುದು ವೈರಸ್ಸಿನ ನಡೆಯ ಮೇಲೆ ನಿಂತಿದೆ. ಹೆಪಟೈಟಿಸ್ ಬಿ ಮೈ ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಐದು ತಿಂಗಳು. ವೈರಸ್ ರಕ್ತದಲ್ಲೇ ಓಡಾಡುವುದರಿಂದ ನೆನಪಿನ ಬಿ ಕೋಶಗಳಿಗೆ ಸಿಕ್ಕೇ ಸಿಗುತ್ತದೆ, ಎಚ್ಚೆತ್ತುಕೊಳ್ಳಲು ಬೇಕಾದಷ್ಟು ಸಮಯವೂ ಇದೆ. ಹಾಗಾಗಿಯೇ ಲಸಿಕೆ ಪಡೆದ ಆರೋಗ್ಯವಂತರಲ್ಲಿ ಪ್ರತಿಕಾಯ ರಕ್ಷಣೆಯ ಗೆರೆ ಎಂದು ಎಣಿಸುವ ಮಿಲಿಲೀಟರಿಗೆ 10 ಮಿಲಿ ಯೂನಿಟ್‌ಗಿಂತ ಕೆಳಗಿಳಿದ ಮೇಲೂ ರಕ್ಷಣೆ ಉಳಿದಿರುತ್ತದೆ. 30 ವರ್ಷದ ನಂತರ ಒಂದು ಡೋಸ್ ಕೊಟ್ಟು ನೋಡಿದಾಗ ಅಂಥವರಲ್ಲಿ ಬಹುಪಾಲು ಜನರ ಮಟ್ಟ ಮತ್ತೆ ಏರಿದೆ. ಎಚ್‌ಪಿವಿಯ ಕಥೆ ತಿರುಗುಮುರುಗು. ಅದು ರಕ್ತಕ್ಕೆ ಬರುವುದೇ ಇಲ್ಲ, ಗ್ರಂಥಿಯ ನೆನಪಿನ ಕೋಶಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಳದ ಪದರದ ಕೋಶದೊಳಗೆ ಸೇರಿ ಕದ ಹಾಕಿಕೊಂಡಿರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಮೊದಲೇ ಇರುವ ಪ್ರತಿಕಾಯ. ವೈರಸ್ ಒಳಹೊಗಲು ಲೋಳೆಪೊರೆಯಲ್ಲಿ ತರಚು ಬೇಕು, ಅದೇ ತರಚಿನಿಂದ ರಕ್ತದ ಐಜಿಜಿಯೂ ಜಿನುಗುತ್ತದೆ. ಮೇಲಾಗಿ ಎಚ್‌ಪಿವಿ ತಳಪೊರೆಗೆ ಅಂಟಿ, ಆಕಾರ ಬದಲಿಸಿಕೊಂಡು, ಕೋಶ ಹೊಗಲು ಹಲವು ಗಂಟೆ ತೆಗೆದುಕೊಳ್ಳುವ ಮಂದಗತಿಯ ಗಿರಾಕಿ. ಆದ್ದರಿಂದ ಕಡಿಮೆ ಮಟ್ಟದ ಪ್ರತಿಕಾಯವೂ ಸಾಕಾಗುತ್ತದೆ. ಒಳಗೆ ಸೇರಿದ ಮೇಲೆ ಮಾತ್ರ ಲಸಿಕೆ ಏನೂ ಮಾಡಲಾರದು, ತಳದ ಕೋಶಗಳಲ್ಲಿ ಎಲ್1 ತಯಾರಾಗುವುದೇ ಇಲ್ಲ, ಹಿಡಿಯಲು ಗುರುತೇ ಇಲ್ಲ. ಸೋಂಕು ತಗುಲುವ ವಯಸ್ಸಿಗೆ ಮೊದಲೇ ಕೊಡಿ ಎನ್ನುವುದಕ್ಕೆ ಇದೇ ಕಾರಣ.

ಡೋಸ್‌ಗಳ ನಡುವಿನ ಆರು ತಿಂಗಳ ಅಂತರದ ಬಗ್ಗೆಯೂ ಓದುಗರು ಕೇಳುತ್ತಿರುತ್ತಾರೆ. ಎರಡನೆಯ ಡೋಸನ್ನು ಬೇಗ ಕೊಟ್ಟರೆ ಜರ್ಮಿನಲ್ ಸೆಂಟರಿನ ಜರಡಿ ಇನ್ನೂ ನಡೆಯುತ್ತಿರುತ್ತದೆ, ಪಳಗಿದ ನೆನಪಿನ ಕೋಶಗಳು ಕಡಿಮೆ ಇರುತ್ತವೆ. ಮೊದಲ ಡೋಸಿನ ಪ್ರತಿಕಾಯ ದಟ್ಟವಾಗಿದ್ದು ಹೊಸ ಕಣಗಳ ಗುರುತುಗಳನ್ನು ಮುಚ್ಚುವುದೂ ಉಂಟು. ತಡವಾದರೆ ಇಂಥ ನಷ್ಟವಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಯೂ ಇಲ್ಲ.

ಲಸಿಕೆ ಕೈಕೊಡುವ ಕಡೆಗಳು ಬಹುಪಾಲು ಸಪ್ಪೆ ಕಾರಣಗಳವು. ಈ ಕಣಗಳನ್ನು ಅಲ್ಯೂಮಿನಿಯಂ ಲವಣದ ಮೇಲೆ ಅಂಟಿಸಿರುತ್ತಾರೆ. 2ರಿಂದ 8 ಡಿಗ್ರಿಯಲ್ಲಿಡಬೇಕು. ಹೆಪ್ಪುಗಟ್ಟಿದರೆ ಲವಣ ಗಂಟುಗಂಟಾಗುತ್ತದೆ, ಕರಗಿಸಿದರೂ ಮೊದಲಿನಂತಾಗುವುದಿಲ್ಲ, ಲಸಿಕೆಯ ಸತ್ವ ಹೋಗುತ್ತದೆ. ಅನುಮಾನವಿದ್ದರೆ ಅದೇ ಬ್ಯಾಚಿನ ಇನ್ನೊಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಎರಡನ್ನೂ ಕುಲುಕಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅನುಮಾನದ ಸೀಸೆಯ ಗಷ್ಟು ಹೆಪ್ಪುಗಟ್ಟಿಸಿದ್ದರಷ್ಟೇ ಬೇಗ ತಳ ಸೇರಿದರೆ ಎಸೆಯಬೇಕು. ಚುಚ್ಚುವ ಜಾಗವೂ ಲೆಕ್ಕಕ್ಕೆ ಬರುತ್ತದೆ: ಹೆಪಟೈಟಿಸ್ ಬಿ ಲಸಿಕೆಯನ್ನು ಪೃಷ್ಠಕ್ಕೆ ಕೊಟ್ಟವರಲ್ಲಿ ಪ್ರತಿಕ್ರಿಯೆ ಕಡಿಮೆ ಎಂದು ಕಂಡುಬಂದ ಮೇಲೆ ವಯಸ್ಕರಿಗೆ ತೋಳಿನ ಡೆಲ್ಟಾಯ್ಡ್ ಸ್ನಾಯುವೇ ಎಂದು ನಿಗದಿಯಾಯಿತು. ಸೂಜಿ ಕೊಬ್ಬಿನಲ್ಲೇ ನಿಂತರೆ ಕಣಗಳು ಗ್ರಂಥಿ ಸೇರುವುದು ಕಷ್ಟ. ಎಲ್ಲವೂ ಸರಿಯಾಗಿದ್ದೂ ಆರೋಗ್ಯವಂತ ವಯಸ್ಕರಲ್ಲಿ ಶೇಕಡ 5ರಿಂದ 10 ಮಂದಿ ಹೆಪಟೈಟಿಸ್ ಬಿ ಲಸಿಕೆಗೆ ಸಾಕಷ್ಟು ಓಗೊಡುವುದಿಲ್ಲ. ವಯಸ್ಸು, ಧೂಮಪಾನ, ಬೊಜ್ಜು ಇದಕ್ಕೆ ಕಾರಣ. ತುಣುಕುಗಳನ್ನು ಟಿ ಕೋಶಕ್ಕೆ ಹಿಡಿದು ತೋರಿಸುವ ಎಚ್‌ಎಲ್‌ಎ ಪ್ರೋಟೀನಿನ ಅಚ್ಚು ಒಬ್ಬೊಬ್ಬರಲ್ಲಿ ಒಂದೊಂದು, ಕೆಲವರ ಅಚ್ಚಿನಲ್ಲಿ ಕಣದ ತುಣುಕುಗಳು ಸರಿಯಾಗಿ ಕೂರದೆ ಟಿ ಕೋಶದ ನೆರವು ಸಿಗದಿರುವುದೂ ಒಂದು. ಡಯಾಲಿಸಿಸ್‌ನಲ್ಲಿರುವವರಿಗೆ 20ರ ಬದಲು 40 ಮೈಕ್ರೋಗ್ರಾಂ ಕೊಡುವ ಪದ್ಧತಿ ಇದೆ.

ಕೊನೆಯದಾಗಿ ಅಳತೆಯ ವಿಚಾರ, ಪತ್ರಿಕೆಯ ಮೇಜಿಗೆ ಸಂಬಂಧಿಸಿದ್ದು. ಪ್ರತಿಕಾಯದ ಅಂಕಿಯೊಂದು ಬಂದಾಗ ಮೂರು ಸಂಗತಿ ಕೇಳಿ ಬರೆದರೆ ಅರ್ಧ ಗೊಂದಲ ತಪ್ಪುತ್ತದೆ. ಕೊನೆಯ ಡೋಸಿನ ನಂತರ ಎಷ್ಟನೆಯ ತಿಂಗಳಲ್ಲಿ ರಕ್ತ ತೆಗೆದದ್ದು? ಪರೀಕ್ಷೆಯ ತಟ್ಟೆಗೆ ಬಳಿದದ್ದು ಇಡೀ ಕಣವನ್ನೋ, ಒಡೆದ ಪ್ರೋಟೀನನ್ನೋ? ಅಂಟುವ ಪ್ರತಿಕಾಯವನ್ನು ಅಳೆದದ್ದೋ, ವೈರಸ್ಸನ್ನು ತಡೆಯುವುದನ್ನೋ? ತಟ್ಟೆಗೆ ಬಳಿಯುವಾಗ ಕಣ ಒಡೆದುಹೋಗಿದ್ದರೆ ಒಳಭಾಗದ ಗುರುತುಗಳು ಹೊರಬಿದ್ದು, ನಿಷ್ಪ್ರಯೋಜಕ ಪ್ರತಿಕಾಯಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಬೇರೆ ಬೇರೆ ಪ್ರಯೋಗಾಲಯಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿಟ್ಟು ಒಂದು ಲಸಿಕೆ ಇನ್ನೊಂದಕ್ಕಿಂತ ಎರಡು ಪಟ್ಟು ಎಂದು ಬರೆಯುವ ಮೊದಲು ಆ ತಟ್ಟೆಗಳು ಒಂದೇ ಬಗೆಯವೇ ಎಂದು ವಿಚಾರಿಸಿ. ಇನ್ನು ನೆನಪಿನ ಬಿ ಕೋಶಗಳಂತೂ ಈ ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಅವನ್ನು ಎಣಿಸಲು ರಕ್ತದ ಕೋಶಗಳನ್ನು ನಾಲ್ಕೈದು ದಿನ ಪ್ರಚೋದಿಸಿ ಬೆಳೆಸಿ, ಒಂದೊಂದು ಕೋಶ ಸುರಿಸಿದ ಪ್ರತಿಕಾಯದ ಚುಕ್ಕೆಯನ್ನು ಪೊರೆಯ ಮೇಲೆ ಎಣಿಸಬೇಕು. ಆ ಕೆಲಸ ಮಾಡಿರದ ಅಧ್ಯಯನವನ್ನು ಆಧರಿಸಿ ‘ನೆನಪು ಅಳಿಯಿತು’ ಎಂಬ ಶೀರ್ಷಿಕೆ ಕೊಡಬೇಡಿ ಎಂಬುದು ನಮ್ಮ ಕೋರಿಕೆ.

ಇಂತಿ,
ರೋಗನಿರೋಧಶಾಸ್ತ್ರ ಬೋಧಿಸುವ ಕೆಲವರು